ಕಚಗುಳಿಯಲ್ಲ, ಕಿರುಕುಳ

ನ್ಯೂಜಿಲೆಂಡಿನ ಡೇವಿಡ್ ಫ್ಯಾರಿಯರ್ ಮತ್ತು ಡೈಲನ್ ರೀವ್ ನಿರ್ದೇಶಿಸಿದ ‘ಟಿಕಲ್ಡ್’ ಸಾಕ್ಷ್ಯಚಿತ್ರದ ಬಗ್ಗೆ ಎರಡು ಬಗೆಯ ಮಾತುಗಳಿವೆ. ಕಚಗುಳಿ ಇಡುವುದೂ ಒಂದು ಅಪರಾಧವೇ ಎಂಬ ನಗು ಒಂದು. ಯಾರದೋ ಖಾಸಗಿ ಚಪಲವನ್ನು ಬೀದಿಗೆಳೆದು ಕಾಸು ಮಾಡಿಕೊಂಡರು ಎಂಬ ಸಿಟ್ಟು ಇನ್ನೊಂದು. ಎರಡೂ ತಪ್ಪು ಜಾಗಕ್ಕೆ ಬೊಟ್ಟುಮಾಡುತ್ತವೆ.

ಟಿ.ವಿ.ಗಾಗಿ ವಿಚಿತ್ರ ಸುದ್ದಿಗಳನ್ನು ಹೆಕ್ಕುತ್ತಿದ್ದ ಫ್ಯಾರಿಯರ್ ಕಣ್ಣಿಗೆ 2014ರಲ್ಲಿ ‘ಕಚಗುಳಿ ಸ್ಪರ್ಧೆ’ಯ ವಿಡಿಯೊಗಳು ಬಿದ್ದವು. ಆಟದ ಬಟ್ಟೆ ತೊಟ್ಟ ಹುಡುಗನೊಬ್ಬನನ್ನು ಕಟ್ಟಿಹಾಕಿ ಉಳಿದವರು ಕಚಗುಳಿ ಇಡುತ್ತಾರೆ, ಅಷ್ಟೇ. ಬಂದವರಿಗೆ ಲಾಸ್ ಏಂಜಲೀಸಿಗೆ ವಿಮಾನದ ಟಿಕೆಟ್ಟು, ಹೋಟೆಲು, ಮೇಲೆ ಡಾಲರು. ಫ್ಯಾರಿಯರ್ ಸಂದರ್ಶನ ಕೇಳಿದರು. ಸ್ಪರ್ಧೆ ನಡೆಸುತ್ತಿದ್ದ ಜೇನ್ ಒಬ್ರಿಯೆನ್ ಮೀಡಿಯಾ ಎಂಬ ಸಂಸ್ಥೆ ಅವರ ಲೈಂಗಿಕತೆಯನ್ನೇ ಹಿಡಿದು ಜರೆಯಿತು, ವಕೀಲರಿಂದ ಬೆದರಿಕೆ ಹಾಕಿಸಿತು. ಅದೂ ಸಾಲದೆಂದು ಮೂವರು ಪ್ರತಿನಿಧಿಗಳು ಅಮೆರಿಕದಿಂದ ಆಕ್ಲೆಂಡಿಗೇ ಹಾರಿಬಂದರು. ನಿಜವಾದ ಕ್ರೀಡೆಗೆ ಒಬ್ಬ ವರದಿಗಾರನ ಮೇಲೆ ಇಷ್ಟು ಭಯವೇಕೆ?

ಉತ್ತರ ಹಳೆಯ ಕಡತದಲ್ಲಿತ್ತು. 1990ರ ದಶಕದಲ್ಲಿ ‘ಟೆರಿ’ ಎಂಬ ಹೆಣ್ಣಿನ ಹೆಸರಲ್ಲಿ ಹುಡುಗರಿಗೆ ಹಣ ಕೊಟ್ಟು ಇಂಥ ವಿಡಿಯೊ ತರಿಸಿಕೊಳ್ಳುತ್ತಿದ್ದಾತ ಡೇವಿಡ್ ಡಿ’ಅಮಾಟೊ. ವಾಲ್ ಸ್ಟ್ರೀಟ್ ವಕೀಲನ ಮಗ, ಲಾಂಗ್ ಐಲೆಂಡಿನ ಶಾಲೆಯೊಂದರ ಉಪಪ್ರಾಂಶುಪಾಲ. ತನಗೆ ಬೆನ್ನು ತಿರುಗಿಸಿದವರ ಮೇಲೆ ಇ–ಮೇಲ್‌ಗಳ ಮಳೆ ಸುರಿಸಿ ಕಾಲೇಜುಗಳ ಸರ್ವರ್‌ಗಳನ್ನೇ ಕೆಡವಿದ್ದಕ್ಕೆ 2001ರಲ್ಲಿ ತಪ್ಪೊಪ್ಪಿಕೊಂಡ. ಶಿಕ್ಷೆ ಬಲು ಹಗುರ. ಒಬ್ರಿಯೆನ್ ಸಂಸ್ಥೆಯ ಹಿಂದೆ ಇದ್ದದ್ದೂ ಈತನೇ, ಅಪ್ಪನ ಆಸ್ತಿಯ ಹಣವೇ ಎಂಬುದು ಚಿತ್ರದ ವಾದ. ವಿಡಿಯೊ ತೆಗೆದುಹಾಕಿ ಎಂದು ಕೇಳಿದ ಹುಡುಗನ ಹೆಸರಲ್ಲೇ ಜಾಲತಾಣ ಹುಟ್ಟುತ್ತಿತ್ತು. ಕೆಲಸ ಕೊಟ್ಟವರಿಗೆ, ಮನೆಯವರಿಗೆ ಪತ್ರಗಳು ಹೋಗುತ್ತಿದ್ದವು. ಸಾಲದ ಆ್ಯಪ್‌ನವರು ತಿರುಚಿದ ಫೋಟೊಗಳನ್ನು ನೆಂಟರಿಷ್ಟರಿಗೆಲ್ಲ ಕಳಿಸುವುದನ್ನು ಕಂಡ ನಮಗೆ ಈ ವರಸೆ ಹೊಸದೇನಲ್ಲ.

ಇದರಲ್ಲಿ ಕಚಗುಳಿಯ ತಪ್ಪೇನು? ಒರ್ಲ್ಯಾಂಡೊದಲ್ಲಿ ಇದೇ ಬಗೆಯ ವಿಡಿಯೊಗಳನ್ನು ಮುಚ್ಚುಮರೆಯಿಲ್ಲದೆ ತೆಗೆಯುವ ಒಬ್ಬರನ್ನು ಚಿತ್ರ ಮಾತನಾಡಿಸುತ್ತದೆ. ಇದು ಕಾಮದ ಒಂದು ಬಗೆ ಎಂದು ಆತ ಒಪ್ಪಿಕೊಳ್ಳುತ್ತಾರೆ, ಬಂದವರಿಗೆ ಅದನ್ನು ಮೊದಲೇ ಹೇಳುತ್ತಾರೆ. ಇಡೀ ಚಿತ್ರದಲ್ಲಿ ನೆಮ್ಮದಿಯಿಂದ ಮಾತಾಡುವವರೆಂದರೆ ಬಹುಶಃ ಅವರೊಬ್ಬರೇ. ವಿಚಿತ್ರ ಆಸೆ ಕ್ರೌರ್ಯವಲ್ಲ. ಆಸೆಯನ್ನು ಕ್ರೀಡೆ ಎಂದು ಸುಳ್ಳು ಹೇಳಿ, ಮಿಷಿಗನ್ನಿನ ಮಸ್ಕೀಗನ್‌ನಂಥ ಸೊರಗಿದ ಊರುಗಳಿಂದ ದುಡ್ಡಿಲ್ಲದ ಹುಡುಗರನ್ನು ಕರೆತಂದು, ಆಮೇಲೆ ಅವರ ಮಾನವನ್ನೇ ಒತ್ತೆ ಇಟ್ಟುಕೊಳ್ಳುವುದು ಕ್ರೌರ್ಯ. ಆ ಒತ್ತೆಗೆ ಬೆಲೆ ಬಂದದ್ದು ಎಲ್ಲಿಂದ? ‘ಇವನು ಸಲಿಂಗಕಾಮಿಯಂತೆ’ ಎಂಬ ಒಂದು ಪತ್ರಕ್ಕೆ ಬೆಚ್ಚಿಬೀಳುವ ಸಮಾಜದಿಂದ. ಅಂಥ ಸಮಾಜ ಇಲ್ಲದಿದ್ದರೆ ಆ ಪತ್ರ ಕಸದ ಬುಟ್ಟಿ ಸೇರುತ್ತಿತ್ತು.

ಇನ್ನು ಖಾಸಗಿತನದ ಮಾತು. ಕೊನೆಯಲ್ಲಿ ಡಿ’ಅಮಾಟೊನ ಮಲತಾಯಿಗೆ ಫೋನ್ ಮಾಡಿದ್ದು ನನಗೂ ಹಿಡಿಸಲಿಲ್ಲ. ಆಕೆ ಮಾಡಿದ ತಪ್ಪೇನೂ ಇರಲಿಲ್ಲ. ಆದರೆ ಬೀದಿಯಲ್ಲಿ ಕ್ಯಾಮೆರಾ ಹಿಡಿದು ಆತನನ್ನೇ ಎದುರಿಸಿದ್ದನ್ನು ಅತಿರೇಕ ಎನ್ನುವವರ ಜೊತೆ ನಾನಿಲ್ಲ. ಸುಳ್ಳು ಹೆಸರುಗಳ ಮರೆಯಲ್ಲಿ ಕೂತು ಊರವರ ಖಾಸಗಿತನವನ್ನೆಲ್ಲ ಹರಾಜಿಗಿಟ್ಟವನು ತನ್ನದಕ್ಕೆ ಮಾತ್ರ ಬೇಲಿ ಕೇಳಿದರೆ ಹೇಗೆ? ಮಾನನಷ್ಟದ ಮೊಕದ್ದಮೆ ಹೂಡಲು ಆತನಿಗೆ ದಾರಿಯಿತ್ತು, ಹೂಡಿದ ಕೂಡ. ಆ ಹುಡುಗರಿಗೆ ವಕೀಲರನ್ನಿಡುವ ಶಕ್ತಿ ಎಲ್ಲಿತ್ತು?

ಡಿ’ಅಮಾಟೊ 2017ರ ಮಾರ್ಚಿನಲ್ಲಿ ಸತ್ತ. ಚಿತ್ರ ಈಗಲೂ ನೋಡುವಂತಿದೆ. ಮೊದಲ ಅರ್ಧ ಗಂಟೆ ಬೇಕಾದಷ್ಟು ನಗಿ, ನಗಿಸುವಂತೆಯೇ ತೆಗೆದಿದ್ದಾರೆ. ಆದರೆ ಮುಗಿದ ಮೇಲೆ ‘ಆ ಹುಡುಗರು ಅಲ್ಲಿಗೆ ಯಾಕೆ ಹೋದರು?’ ಎಂದು ಮಾತ್ರ ಕೇಳಬೇಡಿ. ಆತ ನೆಚ್ಚಿಕೊಂಡಿದ್ದದ್ದು ಆ ಪ್ರಶ್ನೆಯನ್ನೇ.