ಹಕ್ಕಿನ ಮಾಸಾಶನಕ್ಕೆ ನಾಚಿಕೆಯೇಕೆ?

ನಮ್ಮ ಕರಾವಳಿಯ ಯಾವುದೇ ಧರ್ಮಕೇಂದ್ರದ ವಾಳೆಗಳನ್ನು ಮನೆಮನೆಯಾಗಿ ಸುತ್ತಿದರೆ, ಭಾನುವಾರದ ಬಲಿಪೂಜೆಯಲ್ಲಿ ಎಂದೂ ಕಾಣಿಸದ ಕೆಲವು ಮುಖಗಳು ಒಳಕೋಣೆಗಳಲ್ಲಿ ಕಾಣಸಿಗುತ್ತವೆ. ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡವರು, ಗಲ್ಫಿನಲ್ಲಿ ದುಡಿಯುತ್ತಿದ್ದಾಗ ಪಾರ್ಶ್ವವಾಯು ಬಡಿದು ಊರಿಗೆ ಮರಳಿದವರು, ಮನೋರೋಗಕ್ಕೆ ತುತ್ತಾಗಿ ಉದ್ಯೋಗ ಬಿಟ್ಟವರು, ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕುಂಠಿತಗೊಂಡು ಈಗ ನಲವತ್ತು ದಾಟಿದ 'ಮಕ್ಕಳು'. ಇವರ ಮನೆಯವರನ್ನು ಸರಕಾರದ ಮಾಸಾಶನಕ್ಕೆ ಅರ್ಜಿ ಹಾಕಿದ್ದೀರಾ ಎಂದು ವಿಚಾರಿಸಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: "ಅದೆಲ್ಲ ನಮಗೆ ಯಾಕೆ? ದೇವರು ಹೇಗೋ ನಡೆಸುತ್ತಾನೆ."

ಮೇಲುನೋಟಕ್ಕೆ ಇದು ವಿಶ್ವಾಸದ ಮಾತು. ಆದರೆ ಇದರ ಬೇರು ವಿಶ್ವಾಸದಲ್ಲಲ್ಲ, ಮರ್ಯಾದೆಯ ಪ್ರಶ್ನೆಯಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ. ಮದುವೆಯ ರೋಸಿಗೆ, ಮಗಳ ನರ್ಸಿಂಗ್ ಕಾಲೇಜಿಗೆ ಚಿನ್ನ ಅಡವಿಡಲು ಹಿಂಜರಿಯದ ಕುಟುಂಬ ನಾಡಕಚೇರಿಯ ಸಾಲಿನಲ್ಲಿ ನಿಲ್ಲಲು ನಾಚುತ್ತದೆ. ಅಲ್ಲಿ ನಿಂತರೆ 'ಇವರ ಮನೆಯಲ್ಲಿ ಅಂಥವರಿದ್ದಾರೆ' ಎಂದು ಊರಿಗೆ ತಿಳಿದೀತು, ತಂಗಿಗೆ ಬಂದ ಸಂಬಂಧ ತಪ್ಪೀತು ಎಂಬ ಅಳುಕು. ಮನೋರೋಗದ ವಿಷಯದಲ್ಲಂತೂ ಈ ಅಳುಕು ಇಮ್ಮಡಿ. ಹೀಗೆ ಮುಚ್ಚಿಟ್ಟ ಮರ್ಯಾದೆಯ ಬೆಲೆಯನ್ನು ತೆರುವವರು ಯಾರು? ಔಷಧಿಗೆ ತಮ್ಮನ ಮುಂದೆ ಪ್ರತಿ ತಿಂಗಳು ಕೈಯೊಡ್ಡಬೇಕಾದ ಆ ರೋಗಿಯೇ.

ಸರಕಾರದ ನೆರವು ಭಿಕ್ಷೆಯಲ್ಲ. ನಿರುದ್ಯೋಗ, ವೃದ್ಧಾಪ್ಯ, ಅನಾರೋಗ್ಯ ಮತ್ತು ಅಂಗವೈಕಲ್ಯದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವು ದೊರೆಯುವಂತೆ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ವ್ಯವಸ್ಥೆ ಮಾಡಬೇಕೆಂದು ನಮ್ಮ ಸಂವಿಧಾನದ 41ನೆಯ ವಿಧಿ ನಿರ್ದೇಶಿಸುತ್ತದೆ. ಪವಿತ್ರಸಭೆಯ ಬೋಧನೆಯೂ ಇದಕ್ಕೆ ಭಿನ್ನವಾಗಿಲ್ಲ. ಜಗದ್ಗುರು ಇಪ್ಪತ್ಮೂರನೆಯ ಜಾನ್‌ರವರು 1963ರಲ್ಲಿ ಹೊರಡಿಸಿದ 'ಪಾಚೆಮ್ ಇನ್ ತೆರ್ರಿಸ್' ವಿಶ್ವಪತ್ರದಲ್ಲಿ ಅನಾರೋಗ್ಯ, ದುಡಿಮೆಯಿಂದ ಬಂದ ಅಂಗವೈಕಲ್ಯ, ವೈಧವ್ಯ, ಮುಪ್ಪು ಇವುಗಳಲ್ಲಿ ಪೋಷಣೆ ಪಡೆಯುವುದನ್ನು ಮಾನವನ ಹಕ್ಕುಗಳ ಸಾಲಿನಲ್ಲಿಟ್ಟರು, ಧರ್ಮದಾನದ ಸಾಲಿನಲ್ಲಲ್ಲ. ದ್ವಿತೀಯ ಜಾನ್ ಪಾಲ್‌ರವರು 1981ರ 'ಲಬೋರೆಮ್ ಎಕ್ಸೆರ್ಚೆನ್ಸ್' ಪತ್ರದಲ್ಲಿ ದುಡಿಮೆಯನ್ನು ಕುರಿತು ಬರೆಯುವಾಗ ಅಂಗವಿಕಲರಿಗಾಗಿಯೇ ಒಂದು ಭಾಗವನ್ನು ಮೀಸಲಿಟ್ಟರು. ನಮ್ಮ ಪ್ರವಚನಪೀಠಗಳಿಂದ ಇವು ಕೇಳಿಬರುವುದು ಅಪರೂಪ.

ಇನ್ನು ಕಾನೂನಿನ ಮಾತು. ಅಂಗವಿಕಲರಿಗಾಗಿ 1995ರಲ್ಲಿ ಬಂದ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಕಾಯ್ದೆ ಇಪ್ಪತ್ತೊಂದನ್ನು ಗುರುತಿಸಿದೆ. ಪಾರ್ಕಿನ್‌ಸನ್ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್, ಥಲಸ್ಸೇಮಿಯ, ಹಿಮೊಫಿಲಿಯ, ಆಟಿಸಂ ಎಲ್ಲವೂ ಈಗ ಅದರಲ್ಲಿ ಸೇರಿವೆ. ಆದ್ದರಿಂದ ಹಿಂದೊಮ್ಮೆ 'ನಿಮಗೆ ಬರುವುದಿಲ್ಲ' ಎಂದು ಕೇಳಿಸಿಕೊಂಡು ಹಿಂತಿರುಗಿದವರು ಮತ್ತೊಮ್ಮೆ ವಿಚಾರಿಸುವುದು ಒಳಿತು. ವೈಕಲ್ಯವು ಶೇಕಡ 40 ಅಥವಾ ಹೆಚ್ಚೆಂದು ಪ್ರಮಾಣಿತವಾಗಬೇಕು; ಕುಟುಂಬದ ಆದಾಯ ನಿಗದಿತ ಮಿತಿಯೊಳಗಿರಬೇಕು. ಕರ್ನಾಟಕದ ಮಾಸಾಶನ ಶೇಕಡ 40ರಿಂದ ಆರಂಭವಾಗಿ, 75 ದಾಟಿದವರಿಗೆ ಹೆಚ್ಚುತ್ತದೆ.

ಕೇಂದ್ರ ಸರಕಾರದ ಔದಾರ್ಯವನ್ನು ಮಾತ್ರ ಹೊಗಳುವಂತಿಲ್ಲ. 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯಲ್ಲಿ ಕೇಂದ್ರದ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿಗೆ ಏರಿತು. ಅದೂ ಬಡತನದ ರೇಖೆಯ ಕೆಳಗಿರುವ, ಶೇಕಡ 80 ವೈಕಲ್ಯವುಳ್ಳವರಿಗೆ. ರಾಜ್ಯದ ಹಣ ಸೇರಿದರೂ ಒಟ್ಟು ಮೊತ್ತ ಒಬ್ಬ ಮೇಸ್ತ್ರಿಯ ಕೆಲವು ದಿನಗಳ ಕೂಲಿಯಷ್ಟೇ. 'ಅಷ್ಟಕ್ಕಾಗಿ ಇಷ್ಟು ಓಡಾಟವೇ' ಎಂದು ಕೇಳುವವರಿಗೆ ಹೇಳಬೇಕಾದುದಿಷ್ಟು: ಅಪಸ್ಮಾರದ ಮಾತ್ರೆಗೆ, ಬಸ್ಸಿಗೆ ಆ ಹಣ ಸಾಲುತ್ತದೆ, ಮತ್ತು ಅದು ಅವನ ಹೆಸರಿನ ಖಾತೆಗೆ ಬರುತ್ತದೆ. ಇಪ್ಪತ್ತು ವರ್ಷ ಅಣ್ಣನ ಮನೆಯಲ್ಲಿ ಊಟ ಮಾಡಿದವನ ಕೈಗೆ ತನ್ನದೇ ಆದ ಹಣ ಸಿಗುವುದರ ಅರ್ಥ ಅನುಭವಿಸಿದವರಿಗೇ ಗೊತ್ತು.

ಶೇಕಡಾವಾರು ಲೆಕ್ಕದ ಬಗ್ಗೆ ತಕರಾರು ಎತ್ತದೆ ಮುಂದೆ ಸಾಗಲಾಗದು. ವೈದ್ಯರು ಅಳೆಯುವುದು ಕೈಕಾಲುಗಳ ಶಕ್ತಿಯನ್ನು; ಅದರಿಂದ ಹೋದ ಜೀವನೋಪಾಯವನ್ನಲ್ಲ. ಮೊಣಕಾಲಿನ ಬಲ ಕುಂದಿದ ಗುಮಾಸ್ತ ಮೇಜಿನ ಮುಂದೆ ಕುಳಿತು ದುಡಿದಾನು. ಅದೇ ಶೇಕಡವಾರಿನ ಮರ ಹತ್ತುವವನು ಮನೆಯಲ್ಲೇ ಕುಳಿತುಬಿಡುತ್ತಾನೆ. ಕಾರ್ಮಿಕರ ಪರಿಹಾರ ಕಾಯ್ದೆಯ ಒಂದು ಮೊಕದ್ದಮೆಯಲ್ಲಿ, 1975ರ ಕೊನೆಯಲ್ಲಿ, ಸುಪ್ರೀಂ ಕೋರ್ಟು ಈ ವ್ಯತ್ಯಾಸವನ್ನು ಗುರುತಿಸಿತ್ತು. ಎಡಗೈಯನ್ನು ಕಳೆದುಕೊಂಡ ಒಬ್ಬ ಬಡಗಿಯ ವಿಚಾರವದು. ಒಂದೇ ಕೈಯಿಂದ ಬಡಗಿಯ ಕೆಲಸ ನಡೆಯದು, ಆದ್ದರಿಂದ ಅವನ ನಷ್ಟ ಸಂಪೂರ್ಣ ನಷ್ಟವೇ ಎಂಬ ನಿರ್ಣಯವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಮೇ 1ರಂದು ಸಂತ ಜೋಸೆಫರನ್ನು ಶ್ರಮಿಕರ ಪಾಲಕನೆಂದು ಗೌರವಿಸುವ ನಮಗೆ ಈ ತರ್ಕ ಬೇಗನೆ ಅರ್ಥವಾಗಬೇಕು. ಮಾಸಾಶನದ ನಿಯಮಗಳಿಗೆ ಅದಿನ್ನೂ ಅರ್ಥವಾಗಿಲ್ಲ.

ಹೀಗಿರುವಾಗ ವೈದ್ಯರ ಮುಂದೆ ನಮ್ಮವರ ವರ್ತನೆ ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸುತ್ತದೆ. ಭಾನುವಾರದ ಅಂಗಿ ತೊಟ್ಟು, ನೋವನ್ನು ನುಂಗಿಕೊಂಡು, "ಪರವಾಗಿಲ್ಲ ಡಾಕ್ಟ್ರೇ, ನಿಧಾನಕ್ಕೆ ನಡೆಯುತ್ತೇನೆ" ಎನ್ನುವುದು ನಮ್ಮ ಸಂಸ್ಕಾರ. ವೈದ್ಯರು ಕೇಳಿದ್ದನ್ನೇ ಬರೆಯುತ್ತಾರೆ. ಒಳ್ಳೆಯ ದಿನದ ಜೊತೆಗೆ ಕೆಟ್ಟ ದಿನವನ್ನೂ ಹೇಳಬೇಕು. ಶೌಚಕ್ಕೆ ಯಾರು ಕರೆದೊಯ್ಯುತ್ತಾರೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಮಾತ್ರೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮನೆಯವರು ಚೀಟಿಯಲ್ಲಿ ಬರೆದೊಯ್ದರೂ ತಪ್ಪಿಲ್ಲ. ಉತ್ಪ್ರೇಕ್ಷೆ ಬೇಡ. ದಲ್ಲಾಳಿಗೆ ಹಣ ಕೊಟ್ಟು ಪ್ರಮಾಣಪತ್ರ ಮಾಡಿಸಿಕೊಳ್ಳುವುದು ಪಾಪವಷ್ಟೇ ಅಲ್ಲ, 2016ರ ಕಾಯ್ದೆಯ ಪ್ರಕಾರ ಎರಡು ವರ್ಷಗಳವರೆಗೆ ಸೆರೆವಾಸಕ್ಕೆ ಈಡಾಗಬಲ್ಲ ಅಪರಾಧ. ತಪಾಸಣೆಗೆ ಒಳಗಾಗುವುದೇ ಅವಮಾನವೆಂದು ಭಾವಿಸುವವರು ಶುಭಸಂದೇಶವನ್ನು ನೆನೆಯಲಿ: ಗುಣಹೊಂದಿದ ಕುಷ್ಠರೋಗಿಗಳನ್ನೂ ಯೇಸುಸ್ವಾಮಿ ಯಾಜಕರಿಗೆ ತೋರಿಸಿಕೊಳ್ಳಲು ಕಳುಹಿಸಿದರು. ಅಂದಿನ ಪ್ರಮಾಣಪತ್ರ ಅಲ್ಲಿ ದೊರೆಯುತ್ತಿತ್ತು. ವೈದ್ಯರ ನಿರ್ಣಯ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಕಾಯ್ದೆಯಲ್ಲೇ ಅವಕಾಶವುಂಟು.

ಪ್ರಮಾಣಪತ್ರಕ್ಕೆ, ಅಂದರೆ ಈಗ ಯುಡಿಐಡಿ ಎಂದು ಕರೆಯಲಾಗುವ ಗುರುತಿನ ಚೀಟಿಗೆ, ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಬೇಕು. ಅದು ಕೈಸೇರಿದ ಬಳಿಕ ಮಾಸಾಶನದ ಅರ್ಜಿ ನಾಡಕಚೇರಿಗೆ. ಗ್ರಾಮ ಪಂಚಾಯತಿಯಲ್ಲಿ ಇದಕ್ಕೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರಿದ್ದಾರೆ. ಹೆಚ್ಚಿನವರು ಸ್ವತಃ ಅಂಗವಿಕಲರು. ನಮ್ಮ ಎಷ್ಟು ಮಂದಿ ಗುರಿಕಾರರಿಗೆ ಅವರ ಪರಿಚಯವಿದೆ?

ನಮ್ಮವರ ಅರ್ಜಿಗಳು ತಡೆಯಲ್ಪಡಲು ಇನ್ನೊಂದು ಕಾರಣವುಂಟು, ಹೇಳಿದರೆ ನಗು ಬರಬಹುದು. ಅದು ನಮ್ಮ ಹೆಸರು. ಜ್ಞಾನಸ್ನಾನದ ಪುಸ್ತಕದಲ್ಲಿ ಮೂರು ಹೆಸರು, ಶಾಲೆಯಲ್ಲಿ ಒಂದು, ಪಡಿತರ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರಿನಲ್ಲಿ ಮತ್ತೊಂದು. 'ಡಿಸೋಜ' ಎಂಬುದನ್ನು ಚಿಹ್ನೆಯೊಡನೆ, ಚಿಹ್ನೆಯಿಲ್ಲದೆ, ಬಿಡಿಸಿ, ಕೂಡಿಸಿ ಬರೆಯುವ ನಮ್ಮ ಸ್ವಾತಂತ್ರ್ಯವನ್ನು ಗಣಕಯಂತ್ರ ಒಪ್ಪುವುದಿಲ್ಲ. ಇದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ. ಮತ್ತು ಅರ್ಜಿಯೇ ಹಾಕದೆ ಕಳೆದ ವರ್ಷಗಳ ಹಣವನ್ನು ಹಿಂದಿನಿಂದ ಎಣಿಸಿ ಯಾರೂ ಕೊಡುವುದಿಲ್ಲ.

ಬೆತ್ಸಥಾ ಕೊಳದ ಬಳಿ ಮೂವತ್ತೆಂಟು ವರ್ಷ ಮಲಗಿದ್ದವನ ಕಥೆ ನಮಗೆ ಗೊತ್ತಿದೆ. ನೀರು ಅಲ್ಲೇ ಇತ್ತು. ಅದಕ್ಕೆ ಇಳಿಸುವವರು ಅವನಿಗೆ ಇರಲಿಲ್ಲ, ಅವನು ತೆವಳುವಷ್ಟರಲ್ಲಿ ಬೇರೆಯವರು ಇಳಿದುಬಿಡುತ್ತಿದ್ದರು. ತಾಲೂಕು ಕಚೇರಿಯ ಮೆಟ್ಟಿಲ ಬಳಿ ಇಂದಿಗೂ ನಡೆಯುವುದು ಇದೇ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಬಡಕುಟುಂಬಗಳಿಗೆ ಅಕ್ಕಿ, ಔಷಧಿ ಒದಗಿಸುತ್ತಿರುವುದು ಶ್ಲಾಘನೀಯ. ಆದರೆ ಅಕ್ಕಿಯ ಚೀಲದ ಜೊತೆ ಒಂದು ಅರ್ಜಿ ನಮೂನೆಯನ್ನೂ ಒಯ್ದರೆ, ರಿಕ್ಷಾ ಮಾಡಿ ಒಬ್ಬನನ್ನು ಆಸ್ಪತ್ರೆಗೆ ಕರೆದೊಯ್ದರೆ, ಆ ಒಂದು ದಿನದ ಸೇವೆಯ ಫಲ ಆ ಮನೆಗೆ ವರ್ಷಾನುಗಟ್ಟಲೆ ಒದಗುತ್ತದೆ. ಹಬ್ಬದ ವಿದ್ಯುದ್ದೀಪಾಲಂಕಾರಕ್ಕೆ ಸಮಿತಿ ರಚಿಸುವ ನಮ್ಮ ಪಾಲನಾ ಪರಿಷತ್ತುಗಳಿಗೆ ಇದಕ್ಕೊಂದು ಸಮಿತಿ ಭಾರವಾಗಲಾರದು.

ಗೇರುಬೀಜದ, ಹಂಚಿನ ಕಾರ್ಖಾನೆಗಳಲ್ಲಿ ದುಡಿದವರು, ಬೀಡಿ ಕಟ್ಟಿದ ತಾಯಂದಿರು ಕಂದಾಯ ಇಲಾಖೆಯ ಮಾಸಾಶನವೊಂದನ್ನೇ ನೆಚ್ಚಬೇಕಾಗಿಲ್ಲ. ಇಎಸ್‌ಐ ವಿಮೆಯುಳ್ಳ ಕಾರ್ಮಿಕ ಕೆಲಸದಲ್ಲಿ ಗಾಯಗೊಂಡರೆ ಚೇತರಿಸಿಕೊಳ್ಳುವ ತನಕ ಕೂಲಿಯ ಶೇಕಡ 90ರಷ್ಟು ದೊರೆಯುತ್ತದೆ. 1995ರ ನೌಕರರ ಪಿಂಚಣಿ ಯೋಜನೆಯ ಒಂದು ನಿಯಮವಂತೂ ಬಹಳ ಮಂದಿಗೆ ತಿಳಿದಿಲ್ಲ. ಸೇವೆಯಲ್ಲಿರುವಾಗ ಶಾಶ್ವತವಾಗಿ, ಸಂಪೂರ್ಣವಾಗಿ ದುಡಿಯಲಾರದ ಸ್ಥಿತಿಗೆ ಬಂದವನಿಗೆ ಪಿಂಚಣಿ ಪಡೆಯಲು ಹತ್ತು ವರ್ಷದ ಸೇವೆ ಬೇಕಿಲ್ಲ. ಒಂದು ತಿಂಗಳ ವಂತಿಗೆ ಸಂದಾಯವಾಗಿದ್ದರೂ ಸಾಕು. ಅಪಘಾತ ಕಾರ್ಖಾನೆಯೊಳಗೇ ಆಗಿರಬೇಕೆಂದೂ ಇಲ್ಲ. ಗಲ್ಫಿಗೆ ಇಸಿಆರ್ ಪಾಸ್‌ಪೋರ್ಟಿನಲ್ಲಿ ಹೋದವರ ಪ್ರವಾಸಿ ಭಾರತೀಯ ಬಿಮಾ ಪತ್ರವನ್ನೂ ಪೆಟ್ಟಿಗೆಯಿಂದ ತೆಗೆದು ನೋಡಬೇಕು. ಅಪಘಾತದಿಂದ ಶಾಶ್ವತ ವೈಕಲ್ಯ ಉಂಟಾಗಿ ಉದ್ಯೋಗ ಹೋದಲ್ಲಿ ಅದರಲ್ಲಿ 10 ಲಕ್ಷ ರೂಪಾಯಿಗಳ ಪರಿಹಾರವುಂಟು. ಕಾಯಿಲೆಗೆ ಅದು ಅನ್ವಯಿಸದು. ಪತ್ರದ ಅವಧಿ ಮುಗಿದಿರಬಾರದು.

ಕೊನೆಯದಾಗಿ, 'ನನ್ನ ಕಾಲಾನಂತರ ಇವನನ್ನು ಯಾರು ನೋಡುತ್ತಾರೆ' ಎಂದು ಜಪಸರ ಹಿಡಿದು ಕೊರಗುವ ತಾಯಂದಿರಿಗೆ. ಅದೇ 1995ರ ಯೋಜನೆಯಲ್ಲಿ, ಸದಸ್ಯರು ತೀರಿಕೊಂಡಾಗ ಶಾಶ್ವತವಾಗಿ ಸಂಪೂರ್ಣ ಅಂಗವಿಕಲರಾದ ಮಗ ಅಥವಾ ಮಗಳಿಗೆ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿಯುಂಟು. ಅಂಚೆ, ರೈಲ್ವೆ ಮೊದಲಾದ ಕೇಂದ್ರ ಇಲಾಖೆಗಳ ಹಳೆಯ ಪಿಂಚಣಿದಾರರ ಮಕ್ಕಳೂ, ಸ್ವಂತವಾಗಿ ಸಂಪಾದಿಸಲಾಗದಷ್ಟು ಅಂಗವಿಕಲರಾಗಿದ್ದರೆ, ಜೀವನಪರ್ಯಂತ ಕುಟುಂಬ ಪಿಂಚಣಿಗೆ ಅರ್ಹರು. ಬುದ್ಧಿಮಾಂದ್ಯ ಮಕ್ಕಳಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿದೆ. ಇವೆಲ್ಲವೂ ತಂದೆತಾಯಿ ಬದುಕಿರುವಾಗಲೇ, ಅವರ ಸಹಿ ನಡೆಯುವಾಗಲೇ ಸುಲಭ. ಮಗುವಿನ ಹೆಸರು ತಂದೆಯ ಪಿಂಚಣಿ ಕಾಗದಗಳಲ್ಲಿ ನಮೂದಾಗಿದೆಯೇ ಎಂದು ಈ ವಾರವೇ ಕಪಾಟು ತೆರೆದು ನೋಡಬಹುದು.