ಬಂದ ಹಣಕ್ಕೆ ಚೀಟಿ ಇದೆ, ಹೋದ ಹಣಕ್ಕೆ?



ಸಂಘದಲ್ಲಿ ಹಾಲು ಅಳೆದಾಗ ಸಿಗುವ ಚೀಟಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ ಎಲ್ಲವೂ ಇರುತ್ತದೆ. ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರುತ್ತದೆ. ಬಂದ ಹಣಕ್ಕೆ ದಾಖಲೆ ಇದೆ. ಹೋದ ಹಣದ ಕಥೆಯೇನು? ಹಿಂಡಿಯ ಚೀಟಿ ಕ್ಯಾಲೆಂಡರಿನ ಹಿಂದೆ, ಬೈಹುಲ್ಲಿನ ಲಾರಿ ಬಾಡಿಗೆ ನೆನಪಿನಲ್ಲಿ, ಡಾಕ್ಟರರಿಗೆ ಕೊಟ್ಟದ್ದು ಮರೆವಿನಲ್ಲಿ!

ನಾನು ಬಲ್ಮಠದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವನು. ಊರಿನ ಹಟ್ಟಿಯಲ್ಲಿ ದನಗಳಿವೆ. ನನ್ನ ಅಭಿಪ್ರಾಯ ಇಷ್ಟೇ: ಲೆಕ್ಕ ಬರೆದಿಟ್ಟರೆ ಸಾಲದು, ಅದನ್ನು ಪ್ರಶ್ನೆ ಕೇಳಬೇಕು.

ಇದಕ್ಕೆ ‘ಹೆಚ್‌ಲೆಡ್ಜರ್’ ಎಂಬ ಉಚಿತ ತಂತ್ರಾಂಶವಿದೆ. 2003ರಲ್ಲಿ ಬಂದ ‘ಲೆಡ್ಜರ್’ ಅನ್ನು ನೋಡಿ 2007ರಲ್ಲಿ ಶುರುವಾದದ್ದು. ಚಿತ್ರ, ಗುಂಡಿ ಯಾವುದೂ ಬೇಕಿಲ್ಲ. ಒಂದು ಸಾದಾ ಕಡತದಲ್ಲಿ ತಾರೀಕು, ಬಾಬ್ತು, ಮೊತ್ತ ಬರೆಯುತ್ತೀರಿ. ಬಾಬ್ತಿನ ಹೆಸರು ಕನ್ನಡದಲ್ಲೇ ಇರಬಹುದು: ‘ಖರ್ಚು:ಗೌರಿ:ಹಿಂಡಿ’, ‘ಆದಾಯ:ಗೌರಿ:ಹಾಲು’. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಬ್ಯಾಲೆನ್ಸ್’ ಎಂಬ ಆಜ್ಞೆ ಕೊಟ್ಟು ಪಕ್ಕದಲ್ಲಿ ಗೌರಿಯ ಹೆಸರು ಬರೆದರೆ, ಆ ದನದ ಲೆಕ್ಕ ಮಾತ್ರ ಬರುತ್ತದೆ. ‘ರಿಜಿಸ್ಟರ್’ ಎಂದರೆ ಒಂದೊಂದು ಖರ್ಚೂ ತಾರೀಕುವಾರು. ‘ಮಂತ್ಲಿ’ ಸೇರಿಸಿದರೆ ತಿಂಗಳವಾರು.

ಉದಾಹರಣೆಗೆ, ಗೌರಿ ತಿಂಗಳಿಗೆ 300 ಲೀಟರ್ ಕೊಟ್ಟು 10,500 ರೂ. ತಂದಳು ಎನ್ನಿ. ಹಿಂಡಿ 4,500, ಹುಲ್ಲು 1,800, ಔಷಧಿ 1,900, ಉಳಿದದ್ದು 2,300. ಕಪಿಲೆ 240 ಲೀಟರ್ ಕೊಟ್ಟು 8,400 ತಂದಳು. ಹಿಂಡಿ 3,600, ಹುಲ್ಲು 1,500, ಔಷಧಿ 300, ಉಳಿದದ್ದು 3,000. ಹಾಲಿನ ಚೀಟಿ ಮಾತ್ರ ನೋಡಿದವರು ಕಪಿಲೆಯನ್ನು ಮಾರುತ್ತಿದ್ದರು!

ಒಂದು ಎಚ್ಚರ. ಇದು ಜಮಾ-ಖರ್ಚಿನ ಎರಡೂ ಬದಿ ನೋಡುವ ಲೆಕ್ಕ. ಆದಾಯದ ಮುಂದೆ ಮೈನಸ್ ಗುರುತು ಬರುತ್ತದೆ. ಗೌರಿಯ ಕೊನೆಯ ಸಾಲಿನಲ್ಲಿ ಮೈನಸ್ 2,300 ಕಂಡರೆ ಗಾಬರಿ ಬೇಡ, ಅದು ಉಳಿಕೆಯೇ.

ಇನ್ನೊಂದು ಮಾತು. ನಾವು ಬರೆಯದ್ದನ್ನು ಯಂತ್ರ ಹೇಳುವುದಿಲ್ಲ. ಮುಂಜಾನೆ ಎದ್ದು ಹಾಲು ಕರೆದು, ಸೆಗಣಿ ಬಾಚಿ, ಹುಲ್ಲು ಹೊರುವ ಮನೆಯ ಹೆಂಗಸರ ದುಡಿಮೆ ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೂ ಒಂದು ಬಾಬ್ತು ತೆರೆಯಿರಿ. ಆಗ ಕೆಲವರ ‘ಲಾಭ’ ಕರಗಬಹುದು. ಕರಗಲಿ, ಸಾಲ ಮಾಡಿ ಮೂರನೆಯ ದನ ತರುವ ಮೊದಲೇ ಆ ಸತ್ಯ ಗೊತ್ತಾಗುವುದು ಒಳ್ಳೆಯದು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಅಚ್ಚಾದದ್ದು ಇದೇ ಬಲ್ಮಠದ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅಂದು ಸುದ್ದಿ ಕನ್ನಡದಲ್ಲಿ ಕೈಗೆ ಬಂತು. ಇಂದು ಹಟ್ಟಿಯ ಲೆಕ್ಕವೂ ಕನ್ನಡದಲ್ಲೇ ಬರಲಿ.

ಮನೆಯಲ್ಲಿ ಕಂಪ್ಯೂಟರ್ ಕಲಿತ ಮಗಳೋ ಮಗನೋ ಇದ್ದರೆ ಈ ಭಾನುವಾರ ಕೂರಿಸಿ. ಕಂಪ್ಯೂಟರ್ ಇಲ್ಲದಿದ್ದರೆ ನೋಟ್‌ಬುಕ್ ಸಾಕು, ದನಕ್ಕೊಂದು ಪುಟ. ತಿಂಗಳ ಕೊನೆಗೆ ಆ ಪುಟವನ್ನು ಕೇಳಿ: ಕೊಟ್ಟದ್ದೆಷ್ಟು, ತಿಂದದ್ದೆಷ್ಟು, ಉಳಿದದ್ದೆಷ್ಟು?