ಅಪ್ರೋಚ್ ಮತ್ತು ವಾಲಿ: ಎರಡು ಪಾಠವಲ್ಲ, ಒಂದೇ ಪಾಠ

ಕಳೆದ ವರ್ಷ ಒಬ್ಬ ಪ್ರಶಿಕ್ಷಣಾರ್ಥಿಯ ಟೆನಿಸ್ ಪಾಠಕ್ಕೆ ನಾನು ಅಂಕ ಕಡಿಮೆ ಕೊಟ್ಟೆ. ಮಕ್ಕಳು ಸಾಲಿನಲ್ಲಿರಲಿಲ್ಲ, ಗದ್ದಲವಿತ್ತು, ನೆಟ್‌ಗೆ ಬಂದವರ ಪಕ್ಕದಿಂದ ಚೆಂಡು ಮತ್ತೆ ಮತ್ತೆ ದಾಟಿಹೋಗುತ್ತಿತ್ತು. ಈಗ ಅನಿಸುತ್ತದೆ, ಆ ಪಾಠವೇ ಸರಿಯಾಗಿತ್ತು.

ನಮ್ಮ ಹೆಚ್ಚಿನ ಪಾಠಯೋಜನೆಗಳಲ್ಲಿ ಅಪ್ರೋಚ್ ಶಾಟ್ ಒಂದು ದಿನ, ವಾಲಿ ಇನ್ನೊಂದು ದಿನ. ಮಗು ಕೈಯಿಂದ ಎಸೆದ ಚೆಂಡನ್ನು ಹೊಡೆದು ಸಾಲಿನ ಕೊನೆಗೆ ಹೋಗುತ್ತದೆ. ಹೊಡೆತ ಚೆನ್ನಾಗಿರುತ್ತದೆ. ಆದರೆ ಆಟ ಶುರುವಾದರೆ ಯಾರೂ ಬೇಸ್‌ಲೈನ್ ಬಿಟ್ಟು ಬರುವುದಿಲ್ಲ.

ಅಪ್ರೋಚ್ ಶಾಟ್ ಇರುವುದು ಪಾಯಿಂಟ್ ಮುಗಿಸಲಿಕ್ಕಲ್ಲ, ಮುಂದಿನ ವಾಲಿಯನ್ನು ಸುಲಭ ಮಾಡಿಕೊಳ್ಳಲಿಕ್ಕೆ. ಅದರಲ್ಲಿ ಮೂರು ನಿರ್ಧಾರಗಳಿವೆ.

ಮೊದಲನೆಯದು, ಯಾವ ಚೆಂಡಿಗೆ ಮುಂದೆ ಬರಬೇಕು? ಬೇಸ್‌ಲೈನ್‌ನಿಂದ ನೆಟ್‌ಗೆ 11.89 ಮೀಟರ್, ಸರ್ವಿಸ್ ಗೆರೆಯಿಂದ 6.40 ಮೀಟರ್. ಸರ್ವಿಸ್ ಗೆರೆಯ ಆಸುಪಾಸಿನಲ್ಲಿ ಬಿದ್ದ ಗಿಡ್ಡ ಚೆಂಡಿಗೆ ಬಂದರೆ ಅರ್ಧ ದಾರಿ ಆಗಲೇ ಮುಗಿದಿರುತ್ತದೆ.

ಎರಡನೆಯದು, ಎಲ್ಲಿಗೆ ಹೊಡೆಯಬೇಕು? ಸಾಮಾನ್ಯವಾಗಿ ಪಕ್ಕದ ಗೆರೆಗುಂಟ ನೇರವಾಗಿ, ಆಳಕ್ಕೆ. ಅಡ್ಡಕ್ಕೆ ಹೊಡೆದರೆ ಎದುರಾಳಿಯ ಕೋನ ಮುಚ್ಚಲು ಕೋರ್ಟಿನ ಆಚೆ ಬದಿಗೆ ಓಡಬೇಕಾಗುತ್ತದೆ.

ಮೂರನೆಯದು, ಎಲ್ಲಿ ತಡೆದು ನಿಲ್ಲಬೇಕು? ಎಲ್ಲಿದ್ದರೂ ಸರಿ, ಎದುರಾಳಿ ಹೊಡೆಯುವ ಹೊತ್ತಿಗೆ ಸ್ಪ್ಲಿಟ್ ಸ್ಟೆಪ್ ಹಾಕಬೇಕು. ಓಡುತ್ತಲೇ ಇರುವ ಮಗು ಪಕ್ಕಕ್ಕೆ ತಿರುಗಲಾರದು.

ಈ ಮೂರನ್ನೂ ಸಾಲಿನಲ್ಲಿ ನಿಂತ ಮಗು ಕಲಿಯುವುದಿಲ್ಲ. ಏಕೆಂದರೆ ಅದರ ಪರವಾಗಿ ನಾವೇ ನಿರ್ಧರಿಸಿಬಿಟ್ಟಿರುತ್ತೇವೆ.

ವಾಲಿಯ ಹಿಡಿತ, ರಾಕೆಟ್ಟನ್ನು ಹಿಂದಕ್ಕೆ ಬೀಸದೆ ಮುಂದೆಯೇ ತಡೆಯುವ ರೀತಿ ಮೊದಲು ಬರಬೇಕು ಎನ್ನುವವರ ಮಾತು ಸುಳ್ಳಲ್ಲ. ಅದಕ್ಕೆ ಒಂದು ಅವಧಿ ಕೊಡೋಣ. ಅನಂತರ ಗಿಡ್ಡ ಮತ್ತು ಆಳದ ಚೆಂಡುಗಳನ್ನು ಬೆರೆಸಿ ಕೊಡೋಣ. ಬರಬೇಕೋ ಬೇಡವೋ ಎಂದು ಮಗುವೇ ಆರಿಸಲಿ, ಎದುರಿನವರು ಹಿಂದಿರುಗಿಸಲಿ, ಪಾಯಿಂಟ್ ಮುಗಿಯುವವರೆಗೆ ಆಟ ನಡೆಯಲಿ. ಟೆನಿಸ್ ಕೋರ್ಟ್ ಇಲ್ಲದ ಶಾಲೆಯಲ್ಲಿ ಬ್ಯಾಡ್ಮಿಂಟನ್ ಕೋರ್ಟ್, 80 ಸೆಂಟಿಮೀಟರಿಗೆ ಇಳಿಸಿದ ನೆಟ್ ಮತ್ತು ಮೆತ್ತನೆಯ ಚೆಂಡು ಸಾಕು.

ಇಂಥ ಪಾಠ ನೋಡಲು ಅಚ್ಚುಕಟ್ಟಾಗಿರುವುದಿಲ್ಲ. ಆದ್ದರಿಂದ ಬದಲಾಗಬೇಕಾದವರು ಮೊದಲು ವೀಕ್ಷಕರಾದ ನಾವು. ಮೌಲ್ಯಮಾಪನ ಪತ್ರದಲ್ಲಿ ಶಿಸ್ತಿನ ಪಕ್ಕದಲ್ಲಿ ಇನ್ನೊಂದು ಅಂಕಣ ಇರಲಿ: ಮಗು ಎಷ್ಟು ಸಲ ತಾನೇ ನಿರ್ಧರಿಸಿ ಮುಂದೆ ಬಂತು? ಅದಿಲ್ಲದಿದ್ದರೆ ಪ್ರಶಿಕ್ಷಣಾರ್ಥಿಗಳು ಅಂಕಕ್ಕಾಗಿ ಮತ್ತೆ ಸಾಲನ್ನೇ ನಿಲ್ಲಿಸುತ್ತಾರೆ. ಅವರನ್ನು ದೂರುವಂತಿಲ್ಲ.